ವಾರ್ಡರ್ ಪರೀಕ್ಷೆಗೆ ಓದುವವರೊಂದಿಗೆ

(ವಿಜಯಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವ ಹುಡುಗ ಹುಡುಗಿಯರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ತಮ್ಮಂದಿರೇ, ತಂಗಿಯರೇ,

ಮೊದಲು ನೇರವಾಗಿ ಒಂದು ಪ್ರಶ್ನೆ ಕೇಳುತ್ತೇನೆ. "ನಾನು ಜೈಲು ವಾರ್ಡರೇ ಆಗಬೇಕು" ಅಂತ ಮನಸ್ಸು ಮಾಡಿ ಓದಲು ಕೂತವರು ಇಲ್ಲಿ ಯಾರಿದ್ದೀರಿ, ಕೈ ಎತ್ತಿ. ನೋಡಿ, ಬಹಳ ಕಡಿಮೆ ಕೈ ಮೇಲೆ ಬಂದವು. ಉಳಿದವರ ಲೆಕ್ಕ ನನಗೆ ಗೊತ್ತು. ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ಆಗಬೇಕು, ಆಗದಿದ್ದರೆ ಪಿಸಿ (ಪೊಲೀಸ್ ಕಾನ್ಸ್‌ಟೇಬಲ್), ಅದೂ ಇಲ್ಲದಿದ್ದರೆ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ). ನಡುವೆ ವಾರ್ಡರ್ ಹುದ್ದೆಗೆ ಅರ್ಜಿ ಕರೆದರೆ ಅದಕ್ಕೂ ಒಂದು ಹಾಕಿಬಿಡೋಣ. ಖಾಕಿ ಖಾಕಿನೇ ಅಲ್ವಾ?

ಅಲ್ಲ. ಇವತ್ತು ನಾನು ಹೇಳಬೇಕೆಂದು ಬಂದದ್ದೇ ಇದನ್ನು. ನಾನು ಕಾರಾಗೃಹ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. ಆ ಕೆಲಸ ಏನು ಕೇಳುತ್ತದೆ ಅಂತ ತಿಳಿದುಕೊಂಡು ಓದಿದವನಿಗೆ ಪರೀಕ್ಷೆಯಲ್ಲೂ ಅಂಕ ಜಾಸ್ತಿ ಬರುತ್ತದೆ, ಒಳಗೆ ಹೋದ ಮೇಲೂ ಕಾಲು ನಿಲ್ಲುತ್ತದೆ. ಸುಮ್ನೆ ಗೈಡ್ ಬಾಯಿಪಾಠ ಮಾಡಿ ಬಂದವನು ಪರೀಕ್ಷೆ ಪಾಸಾಗಬಹುದು, ಆದರೆ ಕೈದಿಗಳಿರುವ ಬ್ಯಾರಕ್ ಮುಂದೆ ನಿಂತ ಮೊದಲ ವಾರದಲ್ಲೇ ಕಂಗಾಲಾಗುತ್ತಾನೆ.

ಪೊಲೀಸ್ ಕೆಲಸಕ್ಕೂ ಜೈಲಿನ ಕೆಲಸಕ್ಕೂ ಏನು ವ್ಯತ್ಯಾಸ? ಪೊಲೀಸರು ಒಬ್ಬನನ್ನು ಹಿಡಿದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಸಂವಿಧಾನದ 22ನೇ ವಿಧಿ ಹಾಗೆ ಹೇಳುತ್ತದೆ. ಅಲ್ಲಿಂದ ನ್ಯಾಯಾಂಗ ಬಂಧನಕ್ಕೆ ಕಳಿಸಿದರೆ ಆ ಮನುಷ್ಯ ನಿಮ್ಮ ಗೇಟಿಗೆ ಬರುತ್ತಾನೆ. ಆಮೇಲೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಅವನ ಮುಖ ನೋಡುವವರು ನೀವು. ಅವನಿಗೆ ಜ್ವರ ಬಂದರೆ ಮೊದಲು ಗೊತ್ತಾಗಬೇಕಾದ್ದು ನಿಮಗೆ. ಮನೆಯಿಂದ ಸಾವಿನ ಸುದ್ದಿ ಬಂದ ರಾತ್ರಿ ಅವನು ಹೇಗಿದ್ದಾನೆ ಅಂತ ನೋಡಬೇಕಾದವರೂ ನೀವೇ. ಮತ್ತೊಂದು ಮಾತು. ಬ್ಯಾರಕ್ ಒಳಗೆ ಹೋಗುವ ವಾರ್ಡರ್ ಕೈಯಲ್ಲಿ ಬಂದೂಕು ಇರುವುದಿಲ್ಲ. ಸುತ್ತ ಹತ್ತಾರು ಜನ, ನಡುವೆ ನೀವು. ಅಲ್ಲಿ ಕೆಲಸಕ್ಕೆ ಬರುವುದು ನಿಮ್ಮ ಕಣ್ಣು, ನಿಮ್ಮ ಮಾತು, ನಿಮ್ಮ ಹೆಸರು. "ಈ ವಾರ್ಡರ್ ಹೇಳಿದ್ದು ಮಾಡುತ್ತಾನೆ, ದುಡ್ಡು ಮುಟ್ಟುವುದಿಲ್ಲ" ಅನ್ನುವ ಹೆಸರು ಬಂದರೆ ಅದೇ ದೊಡ್ಡ ರಕ್ಷಣೆ.

ನಮ್ಮ ಭಾಗದವರಿಗೆ ಜೈಲು ದೂರದ ಸಂಗತಿಯಲ್ಲ. ವಿಜಯಪುರದಲ್ಲಿ ಕೇಂದ್ರ ಕಾರಾಗೃಹ ಇದೆ, ಊರಿನವರು ದರ್ಗಾ ಜೈಲು ಅನ್ನುತ್ತಾರೆ. ಬೆಳಗಾವಿಯಲ್ಲಿ ಹಿಂಡಲಗಾ ಇದೆ, ಬ್ರಿಟಿಷರ ಕಾಲದ್ದು. ಸ್ವಾತಂತ್ರ್ಯ ಚಳವಳಿಯ ಹೋರಾಟಗಾರರು ಅಲ್ಲಿ ದಿನ ಕಳೆದಿದ್ದಾರೆ. ಬಾಗಲಕೋಟೆಯಲ್ಲಿ ಜಿಲ್ಲಾ ಕಾರಾಗೃಹ ಇದೆ. ನೀವು ದಿನಾ ಆ ಗೋಡೆ ದಾಟಿ ಓಡಾಡುತ್ತೀರಿ. ಒಳಗೆ ಇರುವವರು ಯಾರು ಅಂತ ಯೋಚಿಸಿದ್ದೀರಾ? ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರತಿ ವರ್ಷದ ಜೈಲು ಅಂಕಿ-ಅಂಶ ಪ್ರಕಟಿಸುತ್ತದೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿ ಇದ್ದವರು 5,73,220 ಜನ. ಅದರಲ್ಲಿ 4,34,302 ಜನ ವಿಚಾರಣಾಧೀನ ಕೈದಿಗಳು. ಅಂದರೆ ನೂರಕ್ಕೆ 75ಕ್ಕೂ ಹೆಚ್ಚು ಜನರ ಮೇಲಿನ ಆರೋಪ ಇನ್ನೂ ಸಾಬೀತಾಗಿಲ್ಲ. ಕಾನೂನಿನ ಕಣ್ಣಲ್ಲಿ ಅವರು ಅಪರಾಧಿಗಳಲ್ಲ. ಈ ಒಂದು ಅಂಕಿಯನ್ನು ಪರೀಕ್ಷೆಗಾಗಿ ಮಾತ್ರ ಬರೆದಿಟ್ಟುಕೊಳ್ಳಬೇಡಿ. ಕೆಲಸಕ್ಕೆ ಸೇರಿದ ಮೇಲೆ ನಿಮ್ಮ ನಾಲಿಗೆಯನ್ನು ಹದ್ದುಬಸ್ತಿನಲ್ಲಿಡುವುದೂ ಇದೇ ಅಂಕಿ.

ಈಗ ಪರೀಕ್ಷೆಗೆ ಬರೋಣ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ನಮ್ಮ ವಾರ್ಡರ್‌ಗೆ ಸಮನಾದ ಹುದ್ದೆಗೆ ಕರೆಕ್ಷನ್ ಆಫೀಸರ್ ಟ್ರೈನಿ ಅನ್ನುತ್ತಾರೆ. ಅಲ್ಲಿನ ಲಿಖಿತ ಪರೀಕ್ಷೆಯಲ್ಲಿ ಏನು ಕೇಳುತ್ತಾರೆ ಅಂತ ತಿಳಿದರೆ ನಿಮಗೆ ಆಶ್ಚರ್ಯ ಆಗುತ್ತದೆ. ಇತಿಹಾಸದ ಇಸವಿಗಳನ್ನು ಕೇಳುವುದಿಲ್ಲ. ಜೈಲಿನ ಒಂದು ನಿಯಮ ಕೊಟ್ಟು, ಒಂದು ಸನ್ನಿವೇಶ ಕೊಟ್ಟು, ಇಲ್ಲಿ ಏನು ಮಾಡಬೇಕು ಅಂತ ಕೇಳುತ್ತಾರೆ. ಒಂದು ಚಿತ್ರವನ್ನು ಸ್ವಲ್ಪ ಹೊತ್ತು ತೋರಿಸಿ ತೆಗೆದುಬಿಡುತ್ತಾರೆ, ಆಮೇಲೆ ಅದರಲ್ಲಿ ಏನೇನಿತ್ತು ಅಂತ ಪ್ರಶ್ನೆ. ನಡೆದ ಸಂಗತಿಯ ಟಿಪ್ಪಣಿ ಕೊಟ್ಟು, ಅದನ್ನು ಸರಿಯಾಗಿ ಬರೆದ ವಾಕ್ಯ ಯಾವುದು ಅಂತ ಕೇಳುತ್ತಾರೆ. ಮತ್ತೆ, ಒಂದು ಪುಟ ಓದಿ ಅರ್ಥ ಮಾಡಿಕೊಳ್ಳುವುದು. ಇಷ್ಟೇ ಮುಖ್ಯ ಭಾಗಗಳು.

ನಮ್ಮ ಪರೀಕ್ಷೆ ಹಾಗಿಲ್ಲ. ನಮ್ಮಲ್ಲಿ ಸಾಮಾನ್ಯ ಜ್ಞಾನ, ಇತಿಹಾಸ, ಭೂಗೋಳ, ವಿಜ್ಞಾನ, ಸಂವಿಧಾನ, ಮಾನಸಿಕ ಸಾಮರ್ಥ್ಯ ಎಲ್ಲ ಬರುತ್ತವೆ, ಬರಲೂ ಬೇಕು. ಆದರೂ ಆ ನಾಲ್ಕು ಸಾಮರ್ಥ್ಯಗಳನ್ನು ನಾನು ಇಲ್ಲಿ ಹೇಳಿದ್ದು ಒಂದು ಕಾರಣಕ್ಕೆ. ಒಳಗಿನ ಕೆಲಸ ವಿಜಯಪುರದಲ್ಲೂ ನ್ಯೂಯಾರ್ಕಿನಲ್ಲೂ ಒಂದೇ. ನಿಯಮ ಓದಿ ಅನ್ವಯಿಸುವುದು, ನೋಡಿದ್ದನ್ನು ನೆನಪಿಡುವುದು, ನಡೆದದ್ದನ್ನು ನಡೆದ ಹಾಗೆ ಬರೆಯುವುದು. ಇವನ್ನು ಈಗಿನಿಂದಲೇ ರೂಢಿ ಮಾಡಿಕೊಳ್ಳಿ. ಹೇಗೆ ಅಂತ ಹೇಳುತ್ತೇನೆ.

ಎಣಿಕೆಯಿಂದ ಶುರು ಮಾಡುತ್ತೇನೆ. ಜೈಲಿನ ದಿನ ಎಣಿಕೆಯಿಂದ ತೆರೆಯುತ್ತದೆ, ಎಣಿಕೆಯಿಂದ ಮುಚ್ಚುತ್ತದೆ. ಬೆಳಗ್ಗೆ ಬ್ಯಾರಕ್ ತೆಗೆದಾಗ ಒಂದು, ಸಂಜೆ ಲಾಕಪ್ ಮಾಡುವಾಗ ಒಂದು, ನಡುವೆ ಮತ್ತೆ ಮತ್ತೆ. ಕೋರ್ಟಿಗೆ ಹೋದವರು, ಆಸ್ಪತ್ರೆಗೆ ಹೋದವರು, ಅಡುಗೆ ಮನೆಯಲ್ಲಿ ಇರುವವರು, ಬಿಡುಗಡೆಯಾದವರು, ಹೊಸದಾಗಿ ಬಂದವರು, ಎಲ್ಲ ಕೂಡಿಸಿ ಕಳೆದು ತಾಳೆಯಾಗಬೇಕು. ಒಬ್ಬ ಕಡಿಮೆ ಬಂದರೂ ಮುಂದಿನ ಕೆಲಸ ನಿಲ್ಲುತ್ತದೆ. ಅದಕ್ಕೇ ನಾನು ಹೇಳುವುದು, ಮಾನಸಿಕ ಸಾಮರ್ಥ್ಯದ ಲೆಕ್ಕಗಳನ್ನು "ಬಿಟ್ಟರಾಯಿತು, ಜಿಕೆಯಲ್ಲಿ ಹೊಡೆಯುತ್ತೇನೆ" ಅಂತ ಬಿಡಬೇಡಿ. ಕೂಡು ಕಳೆ, ಶೇಕಡಾ, ಸರಾಸರಿ, ಸಮಯ ಮತ್ತು ದೂರ, ದಿಕ್ಕು, ಸರಣಿ, ಇವು ಎಸ್‌ಎಸ್‌ಎಲ್‌ಸಿ ಮಟ್ಟದವು. ದಿನಾ ಕೂತು ಮಾಡಿದರೆ ಕೈಗೆ ಬರುತ್ತವೆ. ಕ್ಯಾಲ್ಕ್ಯುಲೇಟರ್ ಮುಟ್ಟದೆ ಮಾಡಿ. ಪರೀಕ್ಷಾ ಕೋಣೆಯಲ್ಲೂ ಅದು ಇರುವುದಿಲ್ಲ.

ನೋಡಿ ನೆನಪಿಡುವುದಕ್ಕೆ ಅಭ್ಯಾಸ ಬಹಳ ಸುಲಭ. ಮೆಸ್ಸಿನಲ್ಲಿ ಊಟ ಮುಗಿಸಿ ಹೊರಗೆ ಬಂದ ಮೇಲೆ ನಿಮ್ಮನ್ನೇ ಕೇಳಿಕೊಳ್ಳಿ. ಒಳಗೆ ಎಷ್ಟು ಜನ ಇದ್ದರು? ಬಾಗಿಲ ಹತ್ತಿರ ಕೂತವನ ಅಂಗಿಯ ಬಣ್ಣ ಯಾವುದು? ಗಡಿಯಾರದಲ್ಲಿ ಎಷ್ಟಾಗಿತ್ತು? ಗೆಳೆಯನ ಜೊತೆ ಪಂದ್ಯ ಕಟ್ಟಿ ಆಡಿ. ಆಟ ಅನ್ನಿಸಬಹುದು. ಆದರೆ ಭೇಟಿಯ ದಿನ ಒಬ್ಬ ಬಂದಿಯ ತಾಯಿ ಬಂದು ಕೊಟ್ಟ ಚೀಲ ಮತ್ತು ಒಳಗೆ ಹೋಗುತ್ತಿರುವ ಚೀಲ ಒಂದೇನಾ ಅಂತ ಗುರುತಿಸಬೇಕಾದಾಗ, ದಿನಾ ಗಲಗಲ ಮಾತಾಡುವವನು ಎರಡು ದಿನದಿಂದ ಗೋಡೆಗೆ ಮುಖ ಮಾಡಿ ಮಲಗಿದ್ದಾನೆ ಅಂತ ಗಮನಿಸಬೇಕಾದಾಗ, ಕೆಲಸಕ್ಕೆ ಬರುವುದು ಇದೇ ಕಣ್ಣು. ಈ ಎರಡನೆಯದನ್ನು ಗಮನಿಸಿದರೆ ಒಂದು ಜೀವ ಉಳಿಯಬಹುದು. ನಾನು ಇದನ್ನು ಒತ್ತಿ ಹೇಳುತ್ತಿದ್ದೇನೆ. ಜೈಲಿನಲ್ಲಿ ಆತ್ಮಹತ್ಯೆ ತಡೆಯುವ ಮೊದಲ ವ್ಯಕ್ತಿ ಡಾಕ್ಟರ್ ಅಲ್ಲ, ಆ ಪಾಳಿಯ ವಾರ್ಡರ್.

ಇನ್ನು ಬರವಣಿಗೆ. ನಮ್ಮ ಹುಡುಗರು ಹೆದರುವುದು ಇದಕ್ಕೇ. ವಾರ್ಡರ್ ಹುದ್ದೆಗೆ ಪ್ರಬಂಧ ಬರೆಯಬೇಕಾಗಿಲ್ಲ, ವಸ್ತುನಿಷ್ಠ ಪ್ರಶ್ನೆ ಸಾಕು ಅಂತ ಬರೆಯುವುದನ್ನೇ ಬಿಟ್ಟಿದ್ದಾರೆ. ಆದರೆ ನಿಮ್ಮಲ್ಲಿ ಬಹಳ ಜನ ಪಿಎಸ್‌ಐ ಕೂಡ ಬರೆಯುತ್ತೀರಿ. ಅದರ ಮೊದಲ ಪತ್ರಿಕೆ 50 ಅಂಕದ್ದು, ಪ್ರಬಂಧ, ಸಾರಾಂಶ, ಅನುವಾದ. ಒಂದೇ ಅಭ್ಯಾಸ ಎರಡೂ ಕಡೆ ದುಡಿಯುತ್ತದೆ. ಒಂದು ಉದಾಹರಣೆ ಕೊಡುತ್ತೇನೆ. ಹೊಸಬರು ಬರೆಯುವ ವರದಿ ಹೀಗಿರುತ್ತದೆ: "ಸಂಜೆ ಊಟದ ಸಮಯದಲ್ಲಿ ಇಬ್ಬರು ಬಂದಿಗಳು ಭಾರಿ ಗಲಾಟೆ ಮಾಡಿ ಕಾರಾಗೃಹದ ಶಾಂತಿಗೆ ಭಂಗ ತಂದರು." ಇದನ್ನು ಓದಿದ ಅಧಿಕಾರಿಗೆ ಏನೂ ಗೊತ್ತಾಗುವುದಿಲ್ಲ. ಯಾರು? ಎಲ್ಲಿ? ಯಾರು ಮೊದಲು ಕೈ ಎತ್ತಿದರು? ಗಾಯ ಆಯಿತಾ? ಹೀಗೆ ಬರೆಯಬೇಕು: "ಸಂಜೆ 5.20ಕ್ಕೆ 3ನೇ ಬ್ಯಾರಕ್ ಮುಂದೆ ಊಟದ ಸಾಲು ನಿಂತಿತ್ತು. ಇಂಥ ನಂಬರಿನ ಬಂದಿ ಸಾಲು ಬಿಟ್ಟು ಮುಂದೆ ಬಂದ. ಹಿಂದೆ ನಿಂತಿದ್ದ ಇಂಥ ನಂಬರಿನ ಬಂದಿ ಅವನ ತೋಳು ಹಿಡಿದು ಎಳೆದ. ಮೊದಲನೆಯವನು ತಟ್ಟೆಯಿಂದ ಹೊಡೆದ. ಎರಡನೆಯವನ ಎಡ ಹುಬ್ಬಿನ ಮೇಲೆ ಗಾಯವಾಯಿತು. ನಾನು ಮತ್ತು ಜೊತೆಯ ವಾರ್ಡರ್ ಇಬ್ಬರನ್ನೂ ಬೇರೆ ಮಾಡಿದೆವು. 5.35ಕ್ಕೆ ಗಾಯಗೊಂಡವನನ್ನು ವೈದ್ಯರಿಗೆ ತೋರಿಸಲಾಯಿತು." ಇಲ್ಲಿ ಒಂದೂ ದೊಡ್ಡ ಪದ ಇಲ್ಲ. ಆದರೆ ಈ ಕಾಗದ ನಾಳೆ ನ್ಯಾಯಾಧೀಶರ ಮುಂದೆ ಹೋದರೂ ನಿಲ್ಲುತ್ತದೆ. ನೀವು ನೋಡದೇ ಇದ್ದದ್ದನ್ನು ನೋಡಿದೆ ಅಂತ ಬರೆಯಬೇಡಿ. ಯಾರೋ ಹೇಳಿದ್ದಾದರೆ "ಇಂಥವರು ಹೇಳಿದರು" ಅಂತಲೇ ಬರೆಯಿರಿ. ದಿನಾ ರಾತ್ರಿ ಮಲಗುವ ಮುಂಚೆ ಅವತ್ತು ಕಣ್ಣಾರೆ ಕಂಡ ಒಂದು ಘಟನೆಯನ್ನು ಹತ್ತು ಸಾಲಿನಲ್ಲಿ ಬರೆಯಿರಿ. ಬಸ್ ಸ್ಟ್ಯಾಂಡಿನ ಜಗಳ ಆದರೂ ಸರಿ.

ಕಾನೂನು ಮತ್ತು ಸಂವಿಧಾನದ ಭಾಗಕ್ಕೆ ನಾನು ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ. ವಿಧಿಗಳ ಸಂಖ್ಯೆಯನ್ನು ಗೋದಾಮಿನಲ್ಲಿ ಚೀಲ ಒಟ್ಟಿದ ಹಾಗೆ ಒಟ್ಟಿದರೆ ಬೇಕಾದಾಗ ಬೇಕಾದ್ದು ಸಿಗುವುದಿಲ್ಲ. ಪ್ರತಿ ವಿಧಿಯನ್ನೂ ಜೈಲಿನೊಳಗಿನ ಒಂದು ಸಂಗತಿಗೆ ಕಟ್ಟಿ ಓದಿ. ಆಗ ಮರೆಯುವುದಿಲ್ಲ.

ಮೊದಲನೆಯದು, ಜೈಲು ಯಾರ ವಿಷಯ? ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯ 4ನೇ ನಮೂದು. ಅಂದರೆ ರಾಜ್ಯದ ವಿಷಯ. ಬ್ರಿಟಿಷರು 1894ರಲ್ಲಿ ಕಾರಾಗೃಹ ಕಾಯ್ದೆ ಮಾಡಿದರು. ಕರ್ನಾಟಕ ತನ್ನದೇ ಕಾರಾಗೃಹ ಕಾಯ್ದೆಯನ್ನು 1963ರಲ್ಲಿ ಮಾಡಿಕೊಂಡಿತು, ನಿಯಮಗಳು 1974ರಲ್ಲಿ ಬಂದವು. ಕೇಂದ್ರ ಗೃಹ ಇಲಾಖೆ 2016ರಲ್ಲಿ ಮಾದರಿ ಕಾರಾಗೃಹ ಕೈಪಿಡಿಯನ್ನೂ 2023ರಲ್ಲಿ ಮಾದರಿ ಕಾಯ್ದೆಯನ್ನೂ ಕೊಟ್ಟಿತು. ಮಾದರಿ ಅಂದರೆ ರಾಜ್ಯಗಳು ನೋಡಿ ಅಳವಡಿಸಿಕೊಳ್ಳಲಿ ಅಂತ. ಕೇಂದ್ರ ನೇರವಾಗಿ ಹೇರುವಂತಿಲ್ಲ, ಏಕೆಂದರೆ ಇದು ರಾಜ್ಯ ಪಟ್ಟಿ. ನೋಡಿ, ಒಂದು ನಮೂದು ಗೊತ್ತಿದ್ದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ.

21ನೇ ವಿಧಿ, ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯ. ಇದು ಜೈಲಿನ ಗೇಟಿನಲ್ಲಿ ನಿಂತುಬಿಡುತ್ತದಾ? ಇಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು ಸುನಿಲ್ ಬಾತ್ರಾ ಪ್ರಕರಣಗಳಲ್ಲಿ. ಎರಡನೇ ಪ್ರಕರಣದ ಕಥೆ ನಿಮಗೆ ಗೊತ್ತಿರಲೇಬೇಕು. ತಿಹಾರ್ ಜೈಲಿನಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಬಾತ್ರಾ ತನಗಾಗಿ ಅಲ್ಲ, ಪಕ್ಕದ ಇನ್ನೊಬ್ಬ ಕೈದಿಗಾಗಿ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದ. ದುಡ್ಡಿಗಾಗಿ ಒಬ್ಬ ಹೆಡ್ ವಾರ್ಡರ್ ಆ ಕೈದಿಗೆ ಘೋರವಾಗಿ ಹಿಂಸೆ ಕೊಟ್ಟಿದ್ದಾನೆ ಅಂತ ದೂರು. ಆ ಪತ್ರವನ್ನೇ ಕೋರ್ಟ್ ಅರ್ಜಿ ಅಂತ ತೆಗೆದುಕೊಂಡಿತು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದ ತೀರ್ಪು 1979ರ ಡಿಸೆಂಬರ್‌ನಲ್ಲಿ ಬಂತು. ಕಾನೂನು ವರದಿಗಳಲ್ಲಿ ಅಚ್ಚಾದದ್ದು 1980ರಲ್ಲಿ, ಹಾಗಾಗಿ ಗೈಡುಗಳಲ್ಲಿ 1980 ಅಂತ ಇರುತ್ತದೆ, ಗೊಂದಲ ಮಾಡಿಕೊಳ್ಳಬೇಡಿ. ಇಡೀ ದೇಶದ ಕೈದಿಗಳ ಹಕ್ಕಿನ ದೊಡ್ಡ ತೀರ್ಪು ಹುಟ್ಟಿದ್ದು ನೀವು ಸೇರಬೇಕೆಂದಿರುವ ಹುದ್ದೆಯವನೊಬ್ಬನ ಕ್ರೌರ್ಯದಿಂದ. ನನಗೆ ಇದು ಯಾವಾಗ ನೆನಪಾದರೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

39ಎ ವಿಧಿ, ಉಚಿತ ಕಾನೂನು ನೆರವು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ ಬಂಧನದಲ್ಲಿ ಇರುವ ಯಾರಿಗೇ ಆಗಲಿ ಉಚಿತ ವಕೀಲರ ಹಕ್ಕಿದೆ. ಇದನ್ನು ಒಳಗೆ ಇರುವವನಿಗೆ ತಿಳಿಸುವವರು ಯಾರು? ಇಂಡಿ ತಾಲ್ಲೂಕಿನ ಒಂದು ಹಳ್ಳಿಯಿಂದ ಬಂದ, ಓದು ಬಾರದ ಮನುಷ್ಯನಿಗೆ ಇದು ಗೊತ್ತಿರುವುದಿಲ್ಲ. ಭೇಟಿಗೆ ಬಂದ ಅವನ ತಾಯಿ "ನನ್ನ ಮಗ ಉಂಡಾನೇನ್ರಿ ಯಪ್ಪಾ?" ಅಂತ ನಿಮ್ಮನ್ನೇ ಕೇಳುತ್ತಾಳೆ. "ಉಂಡಾನ್ರೀ ಯವ್ವಾ. ವಕೀಲರು ಇಲ್ಲಂದ್ರ ಸರ್ಕಾರದ್ದ ವಕೀಲರು ಸಿಗತಾರ, ಅರ್ಜಿ ಕೊಡ್ರಿ" ಅನ್ನುವಷ್ಟು ಕಾನೂನು ನಿಮಗೆ ಬರಬೇಕು.

ಇದರ ಜೊತೆಗೇ 1979ರ ಹುಸೇನಾರಾ ಖಾತೂನ್ ತೀರ್ಪು ಓದಿ. ಬಿಹಾರದ ಜೈಲುಗಳಲ್ಲಿ, ತಪ್ಪು ಸಾಬೀತಾಗಿದ್ದರೂ ಆಗುತ್ತಿದ್ದ ಶಿಕ್ಷೆಗಿಂತ ಜಾಸ್ತಿ ಕಾಲ ವಿಚಾರಣಾಧೀನರಾಗಿಯೇ ಕೊಳೆಯುತ್ತಿದ್ದವರು ಸಿಕ್ಕರು. ಬೇಗ ವಿಚಾರಣೆ ನಡೆಯುವುದು 21ನೇ ವಿಧಿಯ ಹಕ್ಕು ಅಂತ ಕೋರ್ಟ್ ಹೇಳಿತು. ಅದರ ಮುಂದಿನ ಕೊಂಡಿ ಈಗ, ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನಲ್ಲಿದೆ. ಹಿಂದೆ ಯಾವ ಅಪರಾಧದಲ್ಲೂ ತಪ್ಪಿತಸ್ಥ ಅಂತ ತೀರ್ಪಾಗದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ, ಉಳಿದವರು ಅರ್ಧ ಕಳೆದಿದ್ದರೆ, ಜಾಮೀನಿಗೆ ದಾರಿ ಇದೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಇರುವ ಆರೋಪಗಳಿಗೆ, ಒಂದಕ್ಕಿಂತ ಜಾಸ್ತಿ ಪ್ರಕರಣ ಬಾಕಿ ಇರುವವರಿಗೆ ಇದು ಅನ್ವಯಿಸುವುದಿಲ್ಲ. ಮುಖ್ಯ ಸಂಗತಿ ಮುಂದಿದೆ. ಆ ಅವಧಿ ಮುಗಿದ ಕೂಡಲೇ ನ್ಯಾಯಾಲಯಕ್ಕೆ ಬರೆಯಬೇಕಾದ ಹೊಣೆಯನ್ನು ಕಾನೂನು ಜೈಲು ಸೂಪರಿಂಟೆಂಡೆಂಟರ ಮೇಲೆ ಹಾಕಿದೆ. ಅಂದರೆ ಇಲಾಖೆಯ ರಿಜಿಸ್ಟರಿನಲ್ಲಿ ದಾಖಲಾದ ದಿನಾಂಕ ಸರಿಯಿಲ್ಲದಿದ್ದರೆ ಒಬ್ಬ ಮನುಷ್ಯ ಬಿಡುಗಡೆಯಾಗಬೇಕಾದ ದಿನ ದಾಟಿ ಒಳಗೇ ಇರುತ್ತಾನೆ.

17ನೇ ವಿಧಿ, ಅಸ್ಪೃಶ್ಯತೆಯ ನಿಷೇಧ, ಮತ್ತು 23ನೇ ವಿಧಿ, ಬಲವಂತದ ದುಡಿಮೆಯ ನಿಷೇಧ. 2024ರ ಅಕ್ಟೋಬರ್ 3ರಂದು ಸುಕನ್ಯಾ ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಸುಕನ್ಯಾ ಒಬ್ಬ ಪತ್ರಕರ್ತೆ. ಕೆಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲೇ ಜಾತಿ ನೋಡಿ ಕೆಲಸ ಹಂಚುವ ನಿಯಮ ಇರುವುದನ್ನು ಅವರು ಬೆಳಕಿಗೆ ತಂದರು. ಕಸ ಗುಡಿಸಲು, ಕಕ್ಕಸು ತೊಳೆಯಲು ಒಂದು ಜಾತಿ, ಅಡುಗೆಗೆ ಇನ್ನೊಂದು ಜಾತಿ. ಇದು ಸಂವಿಧಾನಕ್ಕೆ ವಿರುದ್ಧ ಅಂತ ಕೋರ್ಟ್ ಹೇಳಿತು. ಮೂರು ತಿಂಗಳಲ್ಲಿ ಕೈಪಿಡಿ ತಿದ್ದಲು, ಕೈದಿಗಳ ರಿಜಿಸ್ಟರಿನ ಜಾತಿ ಕಾಲಂ ತೆಗೆಯಲು ಆದೇಶ ಮಾಡಿತು. ಇದು ಪ್ರಚಲಿತ ವಿದ್ಯಮಾನದಲ್ಲೂ ಬರಬಹುದು, ಸಂವಿಧಾನದಲ್ಲೂ ಬರಬಹುದು. ನಾಳೆ ಬ್ಯಾರಕ್‌ನಲ್ಲಿ ಕೆಲಸ ಹಂಚುವಾಗ ಈ ತೀರ್ಪು ನಿಮ್ಮ ತಲೆಯಲ್ಲಿ ಇರಬೇಕು.

ಅಂತರರಾಷ್ಟ್ರೀಯ ವಿಷಯದಲ್ಲಿ ನೆಲ್ಸನ್ ಮಂಡೇಲಾ ನಿಯಮಗಳು. ವಿಶ್ವಸಂಸ್ಥೆಯ ಸಾಮಾನ್ಯ ಸಭೆ 2015ರ ಡಿಸೆಂಬರ್‌ನಲ್ಲಿ ಒಪ್ಪಿದ 122 ನಿಯಮಗಳು. 27 ವರ್ಷ ಸೆರೆಯಲ್ಲಿದ್ದ ಮನುಷ್ಯನ ಹೆಸರು. ದಿನಕ್ಕೆ 22 ಗಂಟೆ ಅಥವಾ ಅದಕ್ಕೂ ಹೆಚ್ಚು ಒಬ್ಬನನ್ನೇ ಇಡುವುದು ಏಕಾಂತ ಸೆರೆ, ಸತತ 15 ದಿನ ಮೀರಿ ಹಾಗೆ ಇಡಬಾರದು ಅನ್ನುತ್ತವೆ ಆ ನಿಯಮಗಳು. ಜೈಲು ಸುಧಾರಣೆಯ ಸಮಿತಿಗಳಲ್ಲಿ 1980ರಿಂದ 83ರವರೆಗಿನ ನ್ಯಾಯಮೂರ್ತಿ ಎ.ಎನ್. ಮುಲ್ಲಾ ಸಮಿತಿ, ಮಹಿಳಾ ಕೈದಿಗಳ ಬಗ್ಗೆ 1987ರ ಕೃಷ್ಣ ಅಯ್ಯರ್ ಸಮಿತಿ. ಇಷ್ಟು ಸಾಕು.

ಪುಸ್ತಕ ಕೊಳ್ಳುವಾಗ ಒಂದು ಎಚ್ಚರಿಕೆ. 2024ರ ಜುಲೈ 1ರಿಂದ ಐಪಿಸಿ, ಸಿಆರ್‌ಪಿಸಿ, ಸಾಕ್ಷ್ಯ ಕಾಯ್ದೆ ಹೋಗಿ ಹೊಸ ಮೂರು ಕಾನೂನು ಬಂದಿವೆ. ಕೊಲೆಗೆ 302 ಹೋಗಿ 103 ಬಂತು, ವಂಚನೆಗೆ 420 ಹೋಗಿ 318 ಬಂತು. ಸೆಕೆಂಡ್ ಹ್ಯಾಂಡ್ ಪುಸ್ತಕದಲ್ಲಿ ಹಳೆಯದೇ ಇರುತ್ತದೆ. ಇತಿಹಾಸ, ಭೂಗೋಳಕ್ಕೆ ಹಳೆಯ ಪುಸ್ತಕ ನಡೆಯುತ್ತದೆ, ಆರರಿಂದ ಹತ್ತನೇ ತರಗತಿಯ ಸರ್ಕಾರಿ ಪಠ್ಯಪುಸ್ತಕವೇ ಸಾಕು. ಕಾನೂನಿಗೆ ಮಾತ್ರ ಹೊಸದು ತೆಗೆದುಕೊಳ್ಳಿ.

ಋಣಾತ್ಮಕ ಅಂಕದ ಭಯ ಎಲ್ಲರಿಗೂ ಇದೆ. ಪೊಲೀಸ್ ಕಾನ್ಸ್‌ಟೇಬಲ್ ಪರೀಕ್ಷೆಯಲ್ಲಿ 100 ಪ್ರಶ್ನೆ, ಒಂದೂವರೆ ಗಂಟೆ, ತಪ್ಪಿಗೆ ಕಾಲು ಅಂಕ ಕಡಿತ. ಇದೇ ಲೆಕ್ಕ ಹಿಡಿಯೋಣ. ಏನೂ ಗೊತ್ತಿಲ್ಲದ 12 ಪ್ರಶ್ನೆಗೆ ಕಣ್ಣು ಮುಚ್ಚಿ ಗುರುತು ಹಾಕಿದರೆ ಸರಾಸರಿ 3 ಸರಿ, 9 ತಪ್ಪು. 3ರಲ್ಲಿ 2.25 ಹೋಗಿ ಉಳಿಯುವುದು ಮುಕ್ಕಾಲು ಅಂಕ. ಅದೃಷ್ಟ ಕೆಟ್ಟರೆ ಅದೂ ಇಲ್ಲ. ಅದೇ 12 ಪ್ರಶ್ನೆಯಲ್ಲಿ ಎರಡೆರಡು ಆಯ್ಕೆ ಖಂಡಿತ ತಪ್ಪು ಅಂತ ಹೊಡೆದು ಹಾಕಲು ಬಂದರೆ 6 ಸರಿ, 6 ತಪ್ಪು, ಉಳಿಯುವುದು ನಾಲ್ಕೂವರೆ. ಒಂದು ಅಂಕದಲ್ಲಿ ನೂರಾರು ಜನ ಹಿಂದೆ ಮುಂದೆ ಆಗುವ ಪರೀಕ್ಷೆ ಇದು. ಆದ್ದರಿಂದ ಸರಿ ಉತ್ತರ ಯಾವುದು ಅಂತ ಮಾತ್ರ ಓದಬೇಡಿ. ಉಳಿದ ಮೂರು ಏಕೆ ತಪ್ಪು ಅಂತ ಓದಿ.

ಓಟಕ್ಕೆ ಬರೋಣ. ನಿಮ್ಮಲ್ಲಿ ಬಹಳ ಜನ ಬೆಳಗ್ಗೆ ಅಂಬೇಡ್ಕರ್ ಕ್ರೀಡಾಂಗಣದಲ್ಲಿ ಓಡುತ್ತೀರಿ. ಕಾನ್ಸ್‌ಟೇಬಲ್ ಹುದ್ದೆಗೆ ಗಂಡುಮಕ್ಕಳಿಗೆ 1600 ಮೀಟರ್, ಆರೂವರೆ ನಿಮಿಷ. ಹೆಣ್ಣುಮಕ್ಕಳಿಗೆ 400 ಮೀಟರ್, ಎರಡು ನಿಮಿಷ. ಆರೂವರೆ ನಿಮಿಷ ಅಂದರೆ 390 ಸೆಕೆಂಡು. 400 ಮೀಟರಿನ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು, ಸುತ್ತಿಗೆ 97 ಸೆಕೆಂಡು ಚಿಲ್ಲರೆ. ಮೊದಲ ಸುತ್ತನ್ನು 75ಕ್ಕೆ ಮುಗಿಸಿ ಮೂರನೇ ಸುತ್ತಿನಲ್ಲಿ ಹೊಟ್ಟೆ ಹಿಡಿದು ನಿಲ್ಲುವವರೇ ಜಾಸ್ತಿ. ನಾಲ್ಕೂ ಸುತ್ತನ್ನು 93, 94ರಲ್ಲಿ ಓಡುವುದನ್ನು ಕಲಿಯಿರಿ. ವಾರ್ಡರ್ ಅಧಿಸೂಚನೆ ಬಂದಾಗ ಅದರ ದೈಹಿಕ ಪರೀಕ್ಷೆಯ ಪುಟವನ್ನು ಮೊದಲು ಓದಿ, ಅದಕ್ಕೆ ತಕ್ಕ ಹಾಗೆ ಲೆಕ್ಕ ಬದಲಿಸಿ. ನಮ್ಮ ಊರಿನ ಏಪ್ರಿಲ್, ಮೇ ಬಿಸಿಲು ನಿಮಗೆ ಗೊತ್ತೇ ಇದೆ, ಬಿಸಿಲೇರುವ ಮುಂಚೆ ಓಟ ಮುಗಿಸಿ. ಡಾಂಬರು ರಸ್ತೆಯ ಮೇಲೆ ದಿನಾ ಓಡಿದರೆ ಮೊಣಕಾಲು, ಮುಂಗಾಲಿನ ಎಲುಬು ನೋಯುತ್ತವೆ, ಮಣ್ಣಿನ ನೆಲ ಹುಡುಕಿ.

ಮತ್ತೆ ಕೈ ಮುಗಿದು ಒಂದು ಮಾತು ಹೇಳುತ್ತೇನೆ. ದೈಹಿಕ ಪರೀಕ್ಷೆಯ ಹಿಂದಿನ ದಿನ ಯಾರೋ ಹೇಳಿದರು ಅಂತ ಇಂಜೆಕ್ಷನ್, ಗುಳಿಗೆ ತೆಗೆದುಕೊಳ್ಳಬೇಡಿ. ನೋವು ಗೊತ್ತಾಗದ ಹಾಗೆ ಮಾಡುವ ಔಷಧಿ, ಸಾಕು ಓಟ ನಿಲ್ಲಿಸು ಅಂತ ನಿಮ್ಮ ಹೃದಯ ಕೊಡುವ ಸೂಚನೆಯನ್ನೂ ಮುಚ್ಚಿಹಾಕುತ್ತದೆ. ಜೋಳದ ರೊಟ್ಟಿ, ಕಾಳಿನ ಪಲ್ಯ, ಶೇಂಗಾ, ಮೊಸರು, ಬೇಕಾದಷ್ಟು ನೀರು, ಏಳು ತಾಸು ನಿದ್ದೆ. ನಿಮ್ಮ ಮನೆಯಲ್ಲಿ ನಿಮ್ಮ ದಾರಿ ಕಾಯುವವರಿದ್ದಾರೆ. ಹುದ್ದೆ ಮುಂದಿನ ಸಲವೂ ಕರೆಯುತ್ತಾರೆ.

ಕಾಗದಪತ್ರದ ಬಗ್ಗೆ ಚುಟುಕಾಗಿ. ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮ ಮೀಸಲಾತಿ, ಎರಡಕ್ಕೂ ಒಂದರಿಂದ ಹತ್ತನೇ ತರಗತಿಯವರೆಗೆ ಓದಿದ ದಾಖಲೆ ಬೇಕು, ನಿಗದಿತ ನಮೂನೆಯಲ್ಲೇ ಬೇಕು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಊರು, ಹೊಲ ಕಳೆದುಕೊಂಡ ಮನೆತನದವರು ಇಲ್ಲಿ ಇರಬಹುದು. ನಿಮಗೆ ಯೋಜನಾ ನಿರಾಶ್ರಿತರ ಮೀಸಲಾತಿ ಇದೆ. ಎಷ್ಟೋ ಮನೆಗಳಲ್ಲಿ ಮಕ್ಕಳಿಗೆ ಇದು ಗೊತ್ತೇ ಇಲ್ಲ. ಅಪ್ಪನನ್ನೋ ಅಜ್ಜನನ್ನೋ ಕೇಳಿ ಹಳೆಯ ಕಾಗದ ಹುಡುಕಿಸಿ. ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಇರುವ 371ಜೆ ವಿಧಿಯ ಮೀಸಲಾತಿ ಮಾತ್ರ ವಿಜಯಪುರ, ಬಾಗಲಕೋಟೆ, ಬೆಳಗಾವಿಗೆ ಇಲ್ಲ. ಸಿಂದಗಿಯಿಂದ ನಾಲ್ಕು ಹೆಜ್ಜೆ ಇಟ್ಟರೆ ಕಲಬುರಗಿ ಜಿಲ್ಲೆ ಬರುತ್ತದೆ, ಅಲ್ಲಿ ಇದೆ, ಇಲ್ಲಿ ಇಲ್ಲ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಎರಡನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬ ತಂಗಿ ಕೇಳಿದಳು, "ಸರ್, ಹೆಣ್ಣುಮಕ್ಕಳಿಗೆ ಈ ಕೆಲಸ ಸರಿ ಹೋಗ್ತದೇನ್ರಿ?" ಖಂಡಿತ ಸರಿ ಹೋಗುತ್ತದೆ, ಹೆಣ್ಣುಮಕ್ಕಳು ಬೇಕೇ ಬೇಕು. ಮಹಿಳಾ ಕೈದಿಗಳನ್ನು ಬೇರೆಯಾಗಿ ಇಡಬೇಕು, ಅವರ ತಪಾಸಣೆಯನ್ನು ಹೆಂಗಸರೇ ಮಾಡಬೇಕು. ಆರು ವರ್ಷದವರೆಗಿನ ಮಕ್ಕಳು ತಾಯಿಯ ಜೊತೆ ಒಳಗೆ ಇರಬಹುದು. ಆ ಮಕ್ಕಳ ಊಟ, ಆಟ, ಓದು ಹೇಗಿರಬೇಕು ಅಂತ ಆರ್.ಡಿ. ಉಪಾಧ್ಯಾಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಬರೆದಿದೆ. ಆ ಮಗು ದಿನಾ ನೋಡುವ ಹೊರಗಿನ ಮುಖ ಮಹಿಳಾ ವಾರ್ಡರಿನದು. ರಾತ್ರಿ ಪಾಳಿ ಇರುತ್ತದೆ, ಹಬ್ಬದ ದಿನವೂ ಕೆಲಸ ಇರುತ್ತದೆ. ಅದನ್ನು ಮನೆಯವರಿಗೆ ಈಗಲೇ ಹೇಳಿ ಒಪ್ಪಿಸಿ.

ಇನ್ನೊಬ್ಬ ತಮ್ಮ ಎಲ್ಲರೂ ಹೋದ ಮೇಲೆ ಹತ್ತಿರ ಬಂದು ಮೆಲ್ಲಗೆ ಕೇಳಿದ. ಊರ ಜಾತ್ರೆಯ ಜಗಳದಲ್ಲಿ ಅವನ ಹೆಸರೂ ಒಂದು ಎಫ್‌ಐಆರಿನಲ್ಲಿ ಇದೆಯಂತೆ. ಫಾರ್ಮಿನಲ್ಲಿ ಬರೆಯಬೇಕಾ, ಬಿಡಬೇಕಾ? ಈ ಪ್ರಶ್ನೆ ಇನ್ನೂ ಬಹಳ ಜನರ ಮನಸ್ಸಿನಲ್ಲಿ ಇರುತ್ತದೆ, ಅದಕ್ಕೆ ಅವನ ಗುರುತು ಬಿಟ್ಟು ಬರೆಯುತ್ತಿದ್ದೇನೆ. ಫಾರ್ಮಿನಲ್ಲಿ ಕೇಳಿದ್ದರೆ ಬರೆಯಲೇಬೇಕು. ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ ಇದನ್ನು ಬಿಡಿಸಿ ಹೇಳಿದೆ. ಮಾಹಿತಿ ಸತ್ಯವಾಗಿರಬೇಕು, ಮುಚ್ಚಿಡಬಾರದು. ಸತ್ಯ ಹೇಳಿದರೆ ಪ್ರಕರಣ ಎಷ್ಟು ದೊಡ್ಡದು, ಎಂಥದು ಅಂತ ಇಲಾಖೆ ತೂಗಿ ನೋಡಬಹುದು. ಸತ್ಯ ಹೇಳಿದ ಮಾತ್ರಕ್ಕೆ ಕೆಲಸ ಸಿಕ್ಕೇ ಸಿಗುತ್ತದೆ ಅಂತಲ್ಲ. ಆದರೆ ಮುಚ್ಚಿಟ್ಟದ್ದು ಪೊಲೀಸ್ ಪರಿಶೀಲನೆಯಲ್ಲಿ ಹೊರಗೆ ಬಂದರೆ, ಸಣ್ಣ ಕೇಸಿಗಿಂತ ಮುಚ್ಚಿಟ್ಟದ್ದೇ ದೊಡ್ಡ ತಪ್ಪಾಗಿ ನಿಲ್ಲಬಹುದು. ಅರ್ಜಿ ಕರೆಯುವವರೆಗೆ ಕಾಯಬೇಡಿ. ಈ ವಾರವೇ ಕೋರ್ಟಿಗೆ ಹೋಗಿ ಆ ಪ್ರಕರಣದ ನಂಬರು ಬರೆದುಕೊಳ್ಳಿ, ಎಫ್‌ಐಆರ್, ಚಾರ್ಜ್‌ಶೀಟ್, ಆದೇಶ ಏನಿದೆಯೋ ಅದರ ದೃಢೀಕೃತ ಪ್ರತಿ ತೆಗೆದಿಟ್ಟುಕೊಳ್ಳಿ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಕೇಳಿ.